ಮರಾಕೆಶ್‌ನಲ್ಲೊಂದು ಹಾಸಿಗೆ

ಸಿಡ್ನಿಯ ಟೂಂಗಾಬಿಯಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ಧಾರವಾಡದ ಆಂಟಿ, ಯಾರಾದರೂ ಏನನ್ನಾದರೂ ಮಾಡಬೇಡಿ ಎಂದರೆ ಸೆರಗು ಸೊಂಟಕ್ಕೆ ಸಿಕ್ಕಿಸಿ, "ಯಾಕ, ನನಗೇನಾಗೇದ?" ಎನ್ನುತ್ತಿದ್ದರು. ಅರವತ್ತು ದಾಟಿದ ಮೇಲೆ ಒಬ್ಬರೇ ಮೊರಾಕ್ಕೊದ ಮರಾಕೆಶ್ ನೋಡಲು ಹೊರಟರು. ನನ್ನ ಲ್ಯಾಪ್‌ಟಾಪಿನಲ್ಲಿ ಪ್ರವಾಸಿಗರ ಅಗ್ಗದ ಹಾಸ್ಟೆಲುಗಳನ್ನೆಲ್ಲ ಜಾಲಾಡಿ, ಹಳೇ ಪೇಟೆಯೊಳಗಿನ ಒಂದರಲ್ಲಿ, ಹೆಂಗಸರ ಡಾರ್ಮಿಟರಿಯಲ್ಲಿ ಹಾಸಿಗೆ ಬುಕ್ ಮಾಡಿದರು. ವಿಷಯ ತಿಳಿದು ಮಗ ಸಿಡುಕಿದ.

"ಅಮ್ಮಾ, ಈ ವಯಸ್ಸಿನಾಗ ಗುರ್ತಿಲ್ಲದವ್ರ ಜೋಡಿ ಮಲಗೋದೇನು? ಕ್ಯಾನ್ಸಲ್ ಮಾಡು, ಒಳ್ಳೇ ಹೋಟೆಲ್ ನಾ ನೋಡ್ತೀನಿ."

"ಎಲ್ಲಿ ಮಲಗಬೇಕಂತ ಮೊದ್ಲ ಅಪ್ಪ ಹೇಳಿದ್ರು, ಆಮ್ಯಾಲ ಅತ್ತಿ, ಈಗ ನೀನು. ಇದೊಂದು ಹಾಸಿಗಿ ನಾನ ಆರಿಸೀನಿ."



ಅವರು ಹಿಂತಿರುಗಬೇಕಿದ್ದ ದಿನ ಮರಾಕೆಶ್‌ನಿಂದ ಮಗನಿಗೆ ಮೆಸೇಜ್ ಬಂತು: "ಕಿಟಕಿ ಪಕ್ಕದ ಹಾಸಿಗಿ ಖಾಲಿ ಆಗೇದ. ಇನ್ನೊಂದು ವಾರ ಇದ್ದು ಬರ್ತೀನಿ."