ಕೆಂಪು ಕಾರಿಗೆ ನಾನು ಬರೆದ ಬೆಲೆ

ಟಕ್ ಟಕಾ, ಟಕ್ ಟಕಾ. ಸೇಲಂನ, ಮನೆಮಾತು ಕನ್ನಡವಾದ ನಮ್ಮ ನೇಕಾರರ ಬೀದಿಯಲ್ಲಿ ಬೆಳಗಿನಿಂದ ಸಂಜೆಯವರೆಗೆ ಮಗ್ಗದ ಆ ಸದ್ದು ನಿಲ್ಲುತ್ತಿದ್ದುದು ಎರಡೇ ಸಂದರ್ಭಗಳಲ್ಲಿ: ಬೀದಿಯಲ್ಲಿ ಯಾರಾದರೂ ತೀರಿಕೊಂಡಾಗ, ಮತ್ತು ನಾನು ನಮ್ಮ ಕೆಂಪು ಕಾರನ್ನು ಸ್ಟಾರ್ಟ್ ಮಾಡಿದಾಗ. ಅದು ಮೊದಲು ಗಂಟಲು ಸರಿಮಾಡಿಕೊಳ್ಳುತ್ತಿತ್ತು, ಆಮೇಲೆ ಗರ್ಜಿಸುತ್ತಿತ್ತು. ಮಗ್ಗದಲ್ಲಿ ಕೂತವರೆಲ್ಲ ಎದ್ದು ಬಾಗಿಲಿಗೆ ಬರುತ್ತಿದ್ದರು. ನನ್ನ ಡ್ರೈವಿಂಗ್ ಅಡ್ಮೈರ್ ಮಾಡಲು ಬರುತ್ತಾರೆ ಎಂದು ನಾನು ನಂಬಿದ್ದೆ. ಮಕ್ಕಳನ್ನು ಒಳಗೆ ಎಳೆದುಕೊಳ್ಳಲು ಬರುತ್ತಿದ್ದರು ಎಂದು ತಿಳಿದದ್ದು ಎಷ್ಟೋ ವರ್ಷಗಳ ಮೇಲೆ.

ಎರಡೇ ಸೀಟಿನ, ಬಟ್ಟೆಯ ಹುಡ್ ಮಡಚುವ ಸ್ಪೋರ್ಟ್ಸ್ ಕಾರು ಅದು. ಏರ್ಕಾಡು ಬೆಟ್ಟದ ಕಾಫಿ ಎಸ್ಟೇಟೊಂದರ ದೊರೆ ಎಲ್ಲ ಮಾರಿಕೊಂಡು ಹೋಗುವಾಗ, ರೇಷ್ಮೆ ಪಂಚೆಯ ವ್ಯಾಪಾರಿಯಾದ ನಮ್ಮ ಯಜಮಾನರು ಯಾವುದೋ ಹುಮ್ಮಸ್ಸಿನಲ್ಲಿ ಕೊಂಡು ತಂದಿದ್ದರು. ಅದರೊಳಗೆ ಕೂರುವುದೆಂದರೆ ಬಾವಿಗೆ ಇಳಿದ ಹಾಗೆ. ಅವರು ಎರಡು ಸಲ ಇಳಿದು, ಸೊಂಟ ಹಿಡಿದುಕೊಂಡು ಮೇಲೆ ಬಂದು, ಕೀಲಿಕೈಯನ್ನು ನನಗೆ ಕೊಟ್ಟುಬಿಟ್ಟರು. ನಾನು ಅದೇ ಬೆಟ್ಟದ ಕಾನ್ವೆಂಟಿನಲ್ಲಿ ಓದಿದವಳು. ಅಲ್ಲಿನ ಸಿಸ್ಟರ್‌ಗಳು ನನಗೆ ಪಿಯಾನೋ, ಕಸೂತಿ, ಮತ್ತು ಬಾಳೆಹಣ್ಣನ್ನು ಫೋರ್ಕಿನಲ್ಲಿ ತಿನ್ನುವುದನ್ನು ಕಲಿಸಿದ್ದರು. ನೇಕಾರರ ಬೀದಿಯಲ್ಲಿ ಈ ಮೂರೂ ಯಾವ ಉಪಯೋಗಕ್ಕೂ ಬಂದಿರಲಿಲ್ಲ. ಐವತ್ತು ದಾಟಿದ ಮೇಲೆ ಕಪ್ಪು ಕನ್ನಡಕ ಹಾಕಿ ಆ ಕಾರು ಓಡಿಸಿದಾಗ, ಅಪ್ಪ ಕಟ್ಟಿದ ಫೀಸು ಅಂತೂ ವಸೂಲಾಯಿತು ಅನ್ನಿಸಿತು.

ಇನ್ಶೂರೆನ್ಸ್ ಮಾಡಿಸಿದವನು ನಮ್ಮ ಬೀದಿಯ ಏಜೆಂಟ್, ದೂರದ ನೆಂಟ. ನಮ್ಮಲ್ಲಿ ಒಂದು ಪದ್ಧತಿ. ಸೀರೆಯಾಗಲಿ ಓಲೆಯಾಗಲಿ, ಬೆಲೆ ಕೇಳಿದರೆ ಅರ್ಧ ಹೇಳಬೇಕು. ಪೂರ್ತಿ ಹೇಳಿದರೆ ದೃಷ್ಟಿ ತಾಗುತ್ತದೆ. ಇದನ್ನು ನಾನು ಸೂಪರ್‌ಸ್ಟಿಷನ್ ಎಂದು ನಗುತ್ತಿದ್ದವಳು. ಆದರೆ ಅವನು ಫಾರಂ ಹಿಡಿದು, "ಅಕ್ಕಾ, ವಂಡಿ ಬೆಲೆ ಎಷ್ಟು ಅಂತ ಆಕಾನ?" ಎಂದು ಕಾರಿನ ಬೆಲೆ ಕೇಳಿದಾಗ ಪಕ್ಕದ ಮನೆಯ ಹೆಂಗಸರಿಬ್ಬರು ನಮ್ಮ ಜಗಲಿಯ ಮೇಲೆ ಕೂತು ಹೂ ಕಟ್ಟುತ್ತಿದ್ದರು. ಇಬ್ಬರ ಕೈಯೂ ನಿಂತಿತು. ನಾನು ಅವನ ಕೈಯಿಂದ ಪೆನ್ನು ಕಿತ್ತುಕೊಂಡು, ನನ್ನ ಕಾನ್ವೆಂಟ್ ಹ್ಯಾಂಡ್‌ರೈಟಿಂಗಿನಲ್ಲಿ, ಅಂಕಿಯಲ್ಲೂ ಅಕ್ಷರದಲ್ಲೂ, ಒಂದು ಸ್ಕೂಟರಿನ ಬೆಲೆ ಬರೆದೆ.

"ಅಷ್ಟೇನಾ ಅಕ್ಕಾ?"

"ಅಷ್ಟೇ. ಹಳೇ ಡಬ್ಬ, ಏನೋ ಓಡ್ತೈತೆ."

ಹೂ ಕಟ್ಟುವ ಕೈಗಳು ಮತ್ತೆ ಆಡಿದವು. ವರ್ಷವರ್ಷವೂ ಅದೇ ಬೆಲೆಗೆ ಪಾಲಿಸಿ ರಿನ್ಯೂ ಆಯಿತು. ನಾನು ಮರೆತೇಬಿಟ್ಟೆ.

ತೊಂಬತ್ತರ ದಶಕದ ನಡುವೆ ಒಂದು ಮಧ್ಯಾಹ್ನ, ಕಾರಿಮಂಗಲಂನಲ್ಲಿ ನೆಂಟರ ಮಗಳಿಗೆ ಬಳೆ ತೊಡಿಸಿ ಒಬ್ಬಳೇ ಹಿಂದಿರುಗುತ್ತಿದ್ದೆ. ತೊಪ್ಪೂರು ಘಾಟಿಯ ಇಳಿಜಾರಿನಲ್ಲಿ ಬ್ರೇಕ್ ಒತ್ತಿದರೆ ದೋಸೆಹಿಟ್ಟಿನೊಳಗೆ ಕಾಲಿಟ್ಟ ಹಾಗಾಯಿತು. ಮುಂದೆ ಲಾರಿ, ಎಡಕ್ಕೆ ಪ್ರಪಾತ. ಬಲಕ್ಕೆ ತಿರುಗಿಸಿ ಬೆಟ್ಟದ ಬಂಡೆಗೆ ಗುದ್ದಿದೆ. ನನ್ನ ಎಡ ಮಣಿಕಟ್ಟು ಮುರಿಯಿತು, ಕಾರಿಗೆ ಮುಖವೇ ಉಳಿಯಲಿಲ್ಲ. ನನ್ನನ್ನು ಹೊರಗೆಳೆದ ಲಾರಿಯವರು, "ಡ್ರೈವರ್ ಎಂಗೆ ಅಮ್ಮಾ?" ಎಂದು ತಮಿಳಿನಲ್ಲಿ ಕೇಳಿ, ಡ್ರೈವರ್ ಎಲ್ಲಿ ಬಿದ್ದನೋ ಎಂದು ಪೊದೆಗಳಲ್ಲೆಲ್ಲ ಹುಡುಕಿದರು. ನಾನೇ ಡ್ರೈವರ್ ಎಂದೆ. ತಲೆಗೆ ಪೆಟ್ಟು ಬಿದ್ದಿದೆ ಪಾಪ ಎಂದು ನೀರು ಕುಡಿಸಿ ಮತ್ತೆ ಹುಡುಕಿದರು.

ಮನೆಯಲ್ಲಿ ಯಜಮಾನರು ಬೈಯಲಿಲ್ಲ. ಅದು ಇನ್ನೂ ಕೆಟ್ಟದ್ದು.

"ಸಾಕು ಕಣೇ. ದೊಡ್ಡ ಕಾರು ತಗಳಾನ, ಡ್ರೈವರ್ ಇಡಾನ. ನೀನು ಇಂದೆ ಆರಾಮಾಗಿ ಕುಂತ್ಕೋ."

ಹಿಂದಿನ ಸೀಟು! ಮಣಿಕಟ್ಟಿಗೆ ಅಳದವಳು ಆಗ ಅತ್ತೆ. ಅತ್ತದ್ದಕ್ಕೆ ಒಂದು ಒಪ್ಪಂದವಾಯಿತು. ಇನ್ಶೂರೆನ್ಸಿನಿಂದ ಏನು ಬರುತ್ತದೋ ಅದರಲ್ಲಿ ನಾನು ನನಗೊಂದು ಕಾರು ಕೊಳ್ಳಬಹುದು. ಅಂಗಡಿಯ ಗಲ್ಲಾದಿಂದ ಒಂದು ಪೈಸೆಯೂ ಇಲ್ಲ. ಅವರು ಎಷ್ಟು ಸುಲಭವಾಗಿ ಒಪ್ಪಿದರೆಂದರೆ ನನಗೆ ಪ್ರೀತಿ ಉಕ್ಕಿತು. ಪಾಲಿಸಿಯನ್ನು ಅವರು ಹಿಂದಿನ ರಾತ್ರಿಯೇ ಓದಿದ್ದರು.

ಕಂಪೆನಿ ಕಳಿಸಿದ ಸರ್ವೇಯರ್ ಬಸ್ಸಿನಲ್ಲಿ ಬಂದರು. ಐವತ್ತರ ಹತ್ತಿರದ ತೆಳ್ಳಗಿನ ಮನುಷ್ಯ, ಕಂಕುಳಲ್ಲಿ ರೆಕ್ಸಿನ್ ಬ್ಯಾಗು. ಕಾರನ್ನು ತಂದು ಹಾಕಿದ್ದ ಮೆಕ್ಯಾನಿಕ್ ಶೆಡ್ಡಿನಲ್ಲಿ ನಾನು ಪ್ಲಾಸ್ಟರ್ ಹಾಕಿದ ಕೈ ಮುಂದೆ ಮಾಡಿಕೊಂಡು ನಿಂತಿದ್ದೆ. "ಸರ್, ದಿಸ್ ಇಸ್ ನೋ ಆರ್ಡಿನರಿ ವೆಹಿಕಲ್" ಎಂದು ಶುರುಮಾಡಿ, ಹತ್ತು ನಿಮಿಷ ಇಂಗ್ಲಿಷಿನಲ್ಲಿ ಹರಿದೆ. ಅವರು ಜಜ್ಜಿದ ಬಾನೆಟ್ಟನ್ನು ಕರ್ಚೀಫಿನಿಂದ ಒರೆಸುತ್ತಿದ್ದರು. ಅಷ್ಟರಲ್ಲಿ ಬಂಪರ್ ಕಳಚಿ ನನ್ನ ಕಾಲ್ಬೆರಳ ಮೇಲೆ ಬಿತ್ತು. "ಅಯ್ಯೋ ಅವ್ವಾ" ಎಂದೆ.

"ಅಮ್ಮಾ, ಮನ್ಯಾಗೆ ಕನ್ನಡನಾ?" ಎಂದರು ಅವರು. "ನಮ್ದೂ ಅದೇಯ. ಪಾಪಿರೆಡ್ಡಿಪಟ್ಟಿ ತಾವ, ಬೇಸಾಯದೋರು. ಮೊದ್ಲಿಂದ ಇನ್ನೊಂದ್ ದಪ ಯೋಳಿ."

ಕನ್ನಡದಲ್ಲಿ ಹೇಳಲು ಎರಡು ನಿಮಿಷ ಸಾಕಾಯಿತು. ಇಂಥ ಕಾರು ಜಿಲ್ಲೆಯಲ್ಲೇ ಇಲ್ಲ, ಬಹಳ ಬೆಲೆಯದ್ದು, ನ್ಯಾಯವಾದ ಮಾರ್ಕೆಟ್ ವ್ಯಾಲ್ಯೂ ಕೊಡಬೇಕು. ಅವರು ಬ್ಯಾಗಿನಿಂದ ಫಾರಂ ತೆಗೆದರು.

"ಈ ಕೈಬರಹ ಯಾರ್ದು?"

"ನನ್ನದೇ."

"ಮುತ್ತು ಪೋಣಿಸಿದಂಗೈತೆ." ಬೆರಳನ್ನು ಬೆಲೆಯ ಮೇಲಿಟ್ಟರು. "ಇದಕ್ಕಿಂತ ಕೆಳಗೆ ನಾನು ಓಗಬೋದು. ಮ್ಯಾಲೆ ಓಗಾಕೆ ಆ ದ್ಯಾವ್ರಿಗೂ ಆಗಾಕಿಲ್ಲ."

ನನಗೆ ಆಗ ನೆನಪಾಯಿತು. ಅಂಕಿಯಲ್ಲೂ ಅಕ್ಷರದಲ್ಲೂ. ಜಗಲಿ, ಹೂವು, ಇಬ್ಬರು ಹೆಂಗಸರು, ಎಲ್ಲ ಹೇಳಿಬಿಟ್ಟೆ. ಅವರು ನಗಲಿಲ್ಲ.

"ನಮ್ಮವ್ವನೂ ಅಂಗೇಯ. ಅಸು ಎಷ್ಟು ಆಲು ಕೊಡ್ತದೆ ಅಂದ್ರೆ ಕಾಪಿಗೂ ಸಾಲ್ದು ಅಂತಿದ್ಳು. ಸರಿ. ಬ್ರೇಕ್ ಎಂಗಿತ್ತು ವಂಡಿಗೆ?"

"ಎರಡು ವಾರದಿಂದ ಮೆತ್ತಗೆ ಹೋಗ್ತಿತ್ತು. ನಾನು ಹೇಳ್ತಾನೇ ಇದ್ದೆ ನಮ್ಮ ಯಜಮಾನರಿಗೆ."

ಪೆನ್ನು ನಿಂತಿತು. ಬ್ರೇಕ್ ಕೆಟ್ಟಿದೆ ಎಂದು ತಿಳಿದೂ ಘಾಟಿ ಇಳಿಸಿದವಳಿಗೆ ಯಾವ ಕಂಪೆನಿ ಕೊಡುತ್ತದೆ? ಸ್ಕೂಟರಿನ ದುಡ್ಡೂ ಹೋಯಿತು, ಬದುಕಿರುವವರೆಗೆ ಹಿಂದಿನ ಸೀಟೇ ಗತಿ ಎಂದು ನನಗೂ ಹೊಳೆಯಿತು, ಹೇಳಿ ಮುಗಿಸಿದ ಮೇಲೆ.

ಅವರು ಪೆನ್ನಿನ ಮುಚ್ಚಳ ಹಾಕಿದರು. "ಅಮ್ಮಾ, ಲೇತ್ ಸದ್ದಿನಾಗೆ ನಂಗೆ ಏನೂ ಕೇಳುಸ್ನಿಲ್ಲ. ಟೀ ಕುಡ್ಕೊಂಡ್ ಬತ್ತೀನಿ. ಬಂದು ತಿರುಗಿ ಕೇಳ್ತೀನಿ." ಶೆಡ್ಡಿನಲ್ಲಿ ಲೇತ್ ಇರಲೇ ಇಲ್ಲ.

ಆ ಕಾಲು ಗಂಟೆ ನಾನು ಬಾಗಿಲಿಲ್ಲದ ಕಾರಿನ ಪಕ್ಕ ಒಂದು ಟೈರಿನ ಮೇಲೆ ಕೂತಿದ್ದೆ. ಇಂಗ್ಲಿಷಿನಲ್ಲಿ ಸುಳ್ಳು ಹೇಳುವುದನ್ನು ಸಿಸ್ಟರ್‌ಗಳು ನನಗೆ ಕಲಿಸಿರಲಿಲ್ಲ. ಸರ್ವೇಯರ್ ಬಂದು ಕೇಳಿದಾಗ, "ಚೆನ್ನಾಗೇ ಇತ್ತು, ಅವತ್ತೇ ಸಡನ್ನಾಗಿ ಹೋಯ್ತು" ಎಂದು ಕನ್ನಡದಲ್ಲಿ ಹೇಳಿದೆ. ಸಲೀಸಾಗಿ ಬಂತು. ಅವರು ಹಾಗೇ ಬರೆದುಕೊಂಡರು. ನನ್ನ ಮುಖ ನೋಡಲಿಲ್ಲ.

ಹೊರಡುವಾಗ ಒಂದು ಮಾತು ಹೇಳಿದರು. ರಿಪೇರಿಯ ಖರ್ಚು ಬೆಲೆಗಿಂತ ಜಾಸ್ತಿ, ಹಾಗಾಗಿ ಟೋಟಲ್ ಲಾಸ್. ಕಂಪೆನಿ ಮುರಿದ ಕಾರನ್ನು ತಾನೇ ಒಯ್ಯಬಹುದು. ಇಲ್ಲವೇ ಕೊಡುವ ಹಣದಲ್ಲಿ ಗುಜರಿಯ ಬೆಲೆಯನ್ನು ಮುರಿದುಕೊಂಡು ಅದನ್ನು ನಮಗೇ ಬಿಡಬಹುದು.

"ವಂಡಿ ನಮ್ಗೇ ಬಿಡಿ ಅಂತ ಲೆಟರ್ ಬರ್ದು ಕೊಡಿ. ಇಂಗ್ಲಿಷ್‌ನಾಗೇ ಬರೀರಿ, ಅದು ಚಂದಾಗೈತೆ."

"ಈ ಹೆಣ ಇಟ್ಟುಕೊಂಡು ನಾನೇನು ಮಾಡಲಿ?"

"ವಂಡಿ ಬೆಲೆನೇ ಸ್ಕೂಟರ್‌ದಷ್ಟು ಅಂತ ನೀವೇ ಬರ್ದಿದೀರಿ. ಅಂದ್ಮ್ಯಾಕೆ ಅದ್ರ ಗುಜರಿಗೆ ನಾನು ಎಷ್ಟು ಮುರೀಬೋದು? ಎರಡು ಟೈರ್ ಕಾಸು. ಕೊಯಮತ್ತೂರ್ ಕಡೆ ಇಂಥ ಅಳೇ ವಂಡಿ ಉಚ್ಚು ಇರೋರು ಅವ್ರೆ. ಎಂಜಿನ್ಗೇನೂ ಆಗಿಲ್ಲ."

ಮಾರುವುದಿಲ್ಲ ಎಂದು ನಾನು ಮೂರು ದಿನ ಸೆಂಟಿಮೆಂಟಲ್ಲಾಗಿ ಇದ್ದೆ. ನಾಲ್ಕನೆಯ ದಿನ ಕೊಯಮತ್ತೂರಿಗೆ ಫೋನು ಮಾಡಿದೆ. ಅಲ್ಲಿಂದ ಬಂದವರು ಎಂಜಿನ್, ಗಾಲಿ, ಲ್ಯಾಂಪುಗಳು, ಕೊನೆಗೆ ಸ್ಟಿಯರಿಂಗನ್ನೂ ಬಿಚ್ಚಿದರು. ಒಂದೊಂದು ಬಿಚ್ಚಿದಾಗಲೂ ನಾನು ಕಣ್ಣೊರೆಸಿಕೊಂಡೆ, ಒಂದೊಂದಕ್ಕೂ ಚೌಕಾಸಿ ಮಾಡಿದೆ. ವ್ಯಾಪಾರಿಯ ಹೆಂಡತಿ ನಾನು. ಸ್ಕೂಟರಿನ ಮೂರರಷ್ಟು ಬಂತು.

"ಅದು ಇನ್ಶೂರೆನ್ಸ್ ದುಡ್ಡಲ್ಲ" ಎಂದರು ಯಜಮಾನರು.

"ಇನ್ಶೂರೆನ್ಸ್‌ನವರು ಬಿಟ್ಟುಕೊಟ್ಟ ಮಾಲಿನ ದುಡ್ಡು. ನೀವು ಹೇಳಿದ್ದು, ಅವರಿಂದ ಏನು ಬರ್ತದೋ ಅದು ಅಂತ."

ಅವರು "ನಿನ್ನ ಅಂಗಡೀಲಿ ಕೂರಿಸಬೇಕಾಗಿತ್ತು" ಎಂದರು. ನಾಲ್ಕು ಸೀಟಿನ, ಬಿಳಿಯ, ಯಾರೂ ಬಾಗಿಲಿಗೆ ಬಂದು ನೋಡದಂಥ ಸೆಕೆಂಡ್‌ಹ್ಯಾಂಡ್ ಕಾರೊಂದು ನಮ್ಮ ಮನೆಗೆ ಬಂತು. ಸ್ಟಿಯರಿಂಗಿನ ಹಿಂದೆ ನಾನೇ.

ಸರ್ವೇಯರನ್ನು ಕೊನೆಯ ಸಲ ನೋಡಿದ್ದು ಮೂರೋ ನಾಲ್ಕೋ ವರ್ಷದ ಮೇಲೆ. ಧರ್ಮಪುರಿಯ ಆಚೆ ಒಂದು ಬಸ್ ಸ್ಟಾಪಿನಲ್ಲಿ ಬಿಸಿಲಿಗೆ ನಿಂತಿದ್ದರು. ನಿಲ್ಲಿಸಿದೆ. ಕ್ಲೇಮ್ ಹಾಕಿದವರ ವಂಡಿ ಹತ್ತಬಾರದು ಎಂದರು. ಆ ಕೇಸು ಮುಗಿದು ಎಷ್ಟು ಕಾಲವಾಯಿತು ಎಂದೆ. ಕೈಗಡಿಯಾರ ನೋಡಿ, ಬರುವ ಬಸ್ಸಿನ ದಿಕ್ಕು ನೋಡಿ, ಕೊನೆಗೆ ಹತ್ತಿದರು. ನಾನು ದಾರಿಯುದ್ದಕ್ಕೂ ಥ್ಯಾಂಕ್ಸ್ ಹೇಳಬೇಕು ಅಂದುಕೊಂಡೆ. ಹೇಳಿದರೆ ಅವರು ಮಾಡಿದ್ದನ್ನು ಬಾಯಿಬಿಟ್ಟು ಹೇಳಿದ ಹಾಗಾಗುತ್ತದೆ. ಅದಕ್ಕೇ ಮಳೆ ಬೆಳೆ ಅಂತ ಮಾತಾಡಿದೆ, ನನಗೆ ಎರಡರ ಬಗ್ಗೆಯೂ ಏನೂ ಗೊತ್ತಿಲ್ಲ. ಅವರು ನನ್ನ ಕೈ ಗೇರಿನ ಮೇಲೆ ಹೋಗುವುದನ್ನೇ ನೋಡುತ್ತಿದ್ದರು.

ಅವರ ಊರು ಇನ್ನೂ ಒಂದು ಫರ್ಲಾಂಗ್ ಇರುವಾಗಲೇ, ಇಲ್ಲೇ ನಿಲ್ಸಿ ಎಂದರು. ಇಳಿದು ಕಿಟಕಿಗೆ ಬಾಗಿ, "ಚಂದಾಗಿ ಓಡುಸ್ತೀರಿ ಅಮ್ಮಾ" ಎಂದರು.

ಅದುವರೆಗೆ ಯಾರೂ ನನಗೆ ಹಾಗೆ ಹೇಳಿರಲಿಲ್ಲ. ನಾನು ಹ್ಯಾಂಡ್‌ಬ್ರೇಕ್ ಎಳೆಯುವಷ್ಟರಲ್ಲಿ ಅವರು ಮರಗೆಣಸಿನ ಹೊಲದ ನಡುವಿನ ಕಾಲುದಾರಿಗೆ ಇಳಿದಿದ್ದರು. ಗಿಡಗಳು ಆಳೆತ್ತರ ಬೆಳೆದಿದ್ದವು. ಬಿಳಿ ಅಂಗಿಯ ಬೆನ್ನು ಸ್ವಲ್ಪ ದೂರ ಕಂಡು, ಆಮೇಲೆ ಕಾಣಲಿಲ್ಲ.