ತಾನಾಗಿ ತೆರೆದ ಬಾಯಿ

೧೯೯೮ರಲ್ಲಿ ನಾನು ಅಬುಧಾಬಿಯ ಒಂದು ಕ್ಲಿನಿಕ್‌ನಲ್ಲಿ ದಂತವೈದ್ಯನಾಗಿದ್ದೆ. ಆ ವರ್ಷದ ಕೊನೆಗೆ, ಅನಾಥ ಮಕ್ಕಳ ಆಶ್ರಯಧಾಮವೊಂದಕ್ಕೆ ತಿಂಗಳಿಗೊಮ್ಮೆ ಹೋಗಿ ಹಲ್ಲು ಪರೀಕ್ಷಿಸುವ ಕೆಲಸವೂ ನನ್ನ ಪಾಲಿಗೆ ಬಂತು. ಈ ಕಥೆ ಹೇಳುವಾಗ ಅಲ್ಲಿನ ಗೋಡೆಗಳ ಬಣ್ಣ ಹಸಿರು ಎಂದು ಒಮ್ಮೆ ಹೇಳಿದ್ದೇನೆ, ಹಳದಿ ಎಂದು ಇನ್ನೊಮ್ಮೆ. ನಿಜಕ್ಕೂ ನೆನಪಿರುವುದು ಬಾಯಿಗಳು ಮಾತ್ರ.

ಮಕ್ಕಳ ಬಾಯಿ ತೆರೆಸುವುದೇ ನಮ್ಮ ವೃತ್ತಿಯ ಅರ್ಧ ಕೆಲಸ. ಹಾಡು, ಬಲೂನು, ತಾಯಿಯ ಮಡಿಲು, ಎಲ್ಲವೂ ಬೇಕು. ಇಲ್ಲಿ ನಾನು ಬಗ್ಗಿದೊಡನೆ ಮಕ್ಕಳು ತಾವಾಗಿಯೇ ಬಾಯಿ ತೆರೆದವು. ಚೆನ್ನಾಗಿ ಕಲಿಸಿದ್ದೀರಿ ಎಂದು ಮಂಗಳೂರು ಕಡೆಯ ಆಯಾ ಸೆವ್ರಿನ್ ಬಾಯಿಯವರನ್ನು ಹೊಗಳಿದೆ. ಅವರು ನಕ್ಕರು.

“ನಾನೆಂತ ಕಲಿಸುದು ಡಾಕ್ಟ್ರೇ? ಬಂದವರೆಲ್ಲ ಬಗ್ಗಿ ಬಾಯಿಗೆ ಮಿಠಾಯಿ ಹಾಕ್ತಾರೆ. ನೀವೂ ಹಾಗೇ ಅಂತ ಎಣಿಸಿದ್ದಾವೆ. ಕೈ ಖಾಲಿ ಅಂತ ಗೊತ್ತಾಗ್ಲಿ, ಆಮೇಲೆ ನೋಡುವ ನಿಮ್ಮ ಮರ್ಯಾದೆ.”

ಅದು ರಂಜಾನ್ ತಿಂಗಳು. ಸಂಜೆ ಉಪವಾಸ ಮುರಿದ ಮೇಲೆ ಒಂದರ ಹಿಂದೊಂದು ಕಾರು ಬರುತ್ತಿತ್ತು. ಅನಾಥ ಮಗುವಿನ ಬಾಯಿಗೆ ಕೈಯಾರೆ ಸಿಹಿ ಇಡುವುದು ಪುಣ್ಯ. ಪ್ರತಿಯೊಬ್ಬರೂ ಕೊಡುತ್ತಿದ್ದದ್ದು ಒಂದೇ ತುಂಡು. ಮಗು ತಿನ್ನುತ್ತಿದ್ದದ್ದು ಎಲ್ಲರದೂ. ಹಲ್ಲಿಗೆ ಅಂಟಿದ ಸಕ್ಕರೆಯನ್ನು ಬಾಯಿಯ ಬ್ಯಾಕ್ಟೀರಿಯಾ ಆಮ್ಲವಾಗಿಸುತ್ತವೆ, ಆಮ್ಲ ಹಲ್ಲನ್ನು ಕರಗಿಸುತ್ತದೆ. ನಾವು ಕೇರೀಸ್ ಎನ್ನುವ ಹುಳುಕು ಇದೇ. ನಡುವೆ ಬಿಡುವು ಸಿಕ್ಕರೆ ಜೊಲ್ಲು ಅಷ್ಟಿಷ್ಟು ಸರಿಪಡಿಸುತ್ತದೆ. ಆ ಬಾಯಿಗಳಿಗೆ ಬಿಡುವಿರಲಿಲ್ಲ.

ನಾಲ್ಕು ವರ್ಷದ ಮರಿಯಂಳ ಮೇಲಿನ ಮುಂಬಲ್ಲುಗಳು ವಸಡಿನವರೆಗೆ ಕಪ್ಪಾಗಿ ಸವೆದಿದ್ದವು. ಬೇರಿನಲ್ಲಿ ಕೀವು. ಆಂಟಿಬಯಾಟಿಕ್ ಕೊಟ್ಟರೂ ಬಾವು ತುಟಿಯಿಂದ ಕಣ್ಣಿನ ಕಡೆಗೆ ಏರತೊಡಗಿತು. ಹಲ್ಲು ಕೀಳಲು ಅವಳನ್ನು ಕ್ಲಿನಿಕ್‌ಗೆ ಕರೆಸಿದೆ. ಸೆವ್ರಿನ್ ಬಾಯಿ ನನ್ನನ್ನು ಬಾಗಿಲಾಚೆ ಕರೆದರು.

“ಶುಕ್ರವಾರ ಅಲ್ ಐನ್‌ನಿಂದ ಗಂಡ ಹೆಂಡ್ತಿ ಬರ್ತಾರೆ, ಇವಳನ್ನು ಸಾಕ್ಲಿಕ್ಕೆ ಕರ್ಕೊಂಡು ಹೋಗುವ ಅಂತ. ಅದೊಂದು ಮುಗೀಲಿ ಮಾರಾಯ್ರೆ.”

“ಅಷ್ಟರಲ್ಲಿ ಬಾವು ಕಣ್ಣಿಗೆ ಬಂದ್ರೆ?”

“ಬೋಳು ಬಾಯಿ ನೋಡಿ ಅವರು ಬೇಡ ಅಂದ್ರೆ?”

ನಾನು ಒಳಗೆ ಹೋದೆ. ಇಕ್ಕಳ ನನ್ನಲ್ಲಿತ್ತು. ಮರಿಯಂ ನನ್ನನ್ನು ಕಂಡು ಬಾಯಿ ತೆರೆದಳು. ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟು ಮುಂದಿನ ನಾಲ್ಕೂ ಹಲ್ಲು ಕಿತ್ತೆ. ಅವಳು ಅಳಲಿಲ್ಲ ಎಂದು ಬಹುಕಾಲ ಹೇಳಿಕೊಂಡು ಬಂದೆ. ಅತ್ತಿರಬೇಕು.

ಬಾವು ಇಳಿಯಿತು. ಶುಕ್ರವಾರದ್ದು ಸೆವ್ರಿನ್ ಬಾಯಿ ಹೇಳಿ ಕೇಳಿದ್ದು: ಆ ಹೆಂಗಸು ಮಂಡಿಯೂರಿ ಖರ್ಜೂರ ಹಿಡಿದರು. ಮರಿಯಂ ತುಟಿ ಬಿಗಿದು ಗೋಡೆಗೆ ಒತ್ತಿಕೊಂಡು ನಿಂತಳು. ಹೆಸರು ಕೇಳಿದರೂ ಬಾಯಿ ಬಿಡಲಿಲ್ಲ. ಅವರು ಬೇರೆ ಮಗುವನ್ನು ಆರಿಸಿದರು. ಹಲ್ಲು ಕಿತ್ತದ್ದಕ್ಕೇ ಹೀಗಾಯಿತು ಎಂದರೆ ಕಥೆ ಅಚ್ಚುಕಟ್ಟಾಗುತ್ತದೆ. ಅವರ ಮನಸ್ಸಿನಲ್ಲಿ ಏನಿತ್ತೋ ನನಗೆ ಗೊತ್ತಿಲ್ಲ. ಕೀಳದೆ ಬಿಡುವಂತಿರಲಿಲ್ಲ ಎಂಬುದಷ್ಟೇ ಗೊತ್ತು.

ಮುಂದಿನ ತಿಂಗಳು ಹೋದಾಗ, ಸಿಹಿಯನ್ನು ಊಟದ ಜೊತೆಗೆ ಮಾತ್ರ ಕೊಡಬೇಕೆಂಬ ನನ್ನ ಸಲಹೆ ಜಾರಿಗೆ ಬಂದಿತ್ತು. ಉಳಿದ ಮಕ್ಕಳು ಎಂದಿನಂತೆ ಬಾಯಿ ತೆರೆದವು. ಮರಿಯಂ ಅಂಗೈಯಿಂದ ಬಾಯಿ ಮುಚ್ಚಿಕೊಂಡಳು. ನಾನು ಬಗ್ಗಿ ನನ್ನ ಖಾಲಿ ಕೈಗಳನ್ನು ತೋರಿಸಿದೆ. ಅವಳು ಅವನ್ನು ನೋಡುತ್ತಲೇ ಬೆರಳ ಸಂದಿಯಿಂದ ಹೇಳಿದಳು: “ಮಾಫಿ.” ಅರಬ್ಬಿಯಲ್ಲಿ ಹಾಗೆಂದರೆ ಇಲ್ಲ, ಏನೂ ಉಳಿದಿಲ್ಲ.

ಆಮೇಲೆ ನಿವೃತ್ತನಾಗುವವರೆಗೂ, ಯಾವ ಮಗು ತಾನಾಗಿ ಬಾಯಿ ತೆರೆದರೂ ನಾನು ತಕ್ಷಣ ಬಾಯೊಳಗೆ ಪರೀಕ್ಷೆಯ ಕನ್ನಡಿ ಇಡಲಿಲ್ಲ. ಏನು ಮಾಡಲಿದ್ದೇನೆಂದು ಮೊದಲು ಹೇಳುತ್ತಿದ್ದೆ. ಕೇಳಿದ ಮಗು ಬಾಯಿ ಮುಚ್ಚುತ್ತಿತ್ತು. ಅದು ಮತ್ತೆ ತೆರೆಯುವವರೆಗೆ ಕಾಯುತ್ತಿದ್ದೆ.