ಆರ್ಮುಗಂ ಮಾಸ್ಟ್ರ ಕೊಕ್ಕರೆ

ಜಯಶೀಲಾ ಇಪ್ಪತ್ತಾರು ವರ್ಷ ಸರ್ಕಾರಿ ಬಸ್ಸಿನಲ್ಲಿ ಕಂಡಕ್ಟರಾಗಿದ್ದವರು. ಅದರಲ್ಲಿ ಹೆಚ್ಚಿನ ಕಾಲ ಓಡಾಡಿದ್ದು ಶಿವಮೊಗ್ಗ–ಭದ್ರಾವತಿ ನಡುವೆಯೇ. ಡ್ರೈವರ್ ಬ್ರೇಕ್ ಒತ್ತಿದರೆ ನಿಂತವರೆಲ್ಲ ಒಬ್ಬರ ಮೇಲೊಬ್ಬರು ವಾಲುತ್ತಿದ್ದರು. ಜಯಶೀಲಾ ಮಾತ್ರ ಕಂಬಿ ಮುಟ್ಟದೆ, ಎರಡೂ ಕಾಲು ಅಗಲಿಸಿ ನಿಂತು ಟಿಕೆಟ್ ಕೊಡುತ್ತಲೇ ಇರುತ್ತಿದ್ದರು.

ಐವತ್ತೊಂದನೆಯ ವಯಸ್ಸಿನಲ್ಲಿ ಒಂದು ಬೆಳಿಗ್ಗೆ, ಬಸ್ಸು ಮಲವಗೊಪ್ಪ ದಾಟುತ್ತಿದ್ದಾಗ, ಅವರಿಗೆ ಲೋಕವೇ ಗಿರ್ರನೆ ತಿರುಗಿತು. ಕಣ್ಣು ಬಿಟ್ಟಾಗ ಗುರುತಿಲ್ಲದ ಅಜ್ಜಿಯೊಬ್ಬರ ಮಡಿಲಲ್ಲಿದ್ದರು. ಒಳಕಿವಿಯ ತೊಂದರೆ ಎಂದರು ಡಾಕ್ಟರು. ಮಾತ್ರೆ ಬರೆದುಕೊಟ್ಟು, ಮೈ ಹಿಡಿತಕ್ಕೆ ಬರುವಂಥ ವ್ಯಾಯಾಮ ಏನಾದರೂ ಮಾಡಿ ಎಂದರು. ಡಿಪೋದಲ್ಲಿ ಅವರಿಗೆ ಕುರ್ಚಿ ಮೇಲಿನ ಕೆಲಸ ಹಚ್ಚಿದರು. ಆ ಕುರ್ಚಿಯಲ್ಲಿ ಕೂತು ಕೂತು ಜಯಶೀಲಾ ಮೊದಲ ಸಲ ತಮಗೆ ವಯಸ್ಸಾಯಿತು ಅಂದುಕೊಂಡರು.

ಆಗ ನೆನಪಾದವರು ಆರ್ಮುಗಂ. ಅವರ ಬಸ್ಸಿನ ಹಳೇ ಪ್ರಯಾಣಿಕ, ಕಾರ್ಖಾನೆಯಿಂದ ನಿವೃತ್ತರಾದವರು, ಭದ್ರಾವತಿಯ ನ್ಯೂಟೌನಿನಲ್ಲಿ ಮನೆ. ಬೆಳಿಗ್ಗೆ ಆರಕ್ಕೆ ಅಲ್ಲಿನ ಮೈದಾನದಲ್ಲಿ ಏಳೆಂಟು ಜನಕ್ಕೆ ತೈ ಚಿ ಎಂಬ ಚೀನೀ ಕಸರತ್ತು ಹೇಳಿಕೊಡುತ್ತಿದ್ದರು. ಹುಡುಗನಾಗಿದ್ದಾಗ ಸೋದರಮಾವನ ಕಿರಾಣಿ ಅಂಗಡಿಗೆಂದು ಮಲೇಷ್ಯಾದ ಪೆನಾಂಗಿಗೆ ಹೋಗಿ, ನಾಲ್ಕು ವರ್ಷ ಅಲ್ಲಿದ್ದು, ಸೋಯಾ ಹಾಲು ಮಾರುವ ಲಿಮ್ ಎಂಬ ಮುದುಕರಿಂದ ಕಲಿತದ್ದಂತೆ.

"ಬಾ ಕಂಡಕ್ಟ್ರಮ್ಮ. ಇದು ಯಾಂಗ್ ಮನೆತನದ ಆಟ. ಅರ್ಜೆಂಟೇ ಇಲ್ಲ. ನಿನ್ ಬಸ್ಸಿನ ಥರ ಅಲ್ಲ," ಎಂದರು ಆರ್ಮುಗಂ ಮೊದಲ ದಿನ.

ನೂರೆಂಟು ಭಂಗಿ, ಒಂದರಿಂದ ಇನ್ನೊಂದಕ್ಕೆ ನೀರು ಹರಿದ ಹಾಗೆ ಸಾಗಬೇಕು. ಎಲ್ಲೂ ವೇಗ ಏರಬಾರದು, ಇಳಿಯಲೂಬಾರದು. ಭಂಗಿಗಳಿಗೆ ಆರ್ಮುಗಂ ತಮ್ಮದೇ ಕನ್ನಡದ ಹೆಸರಿಟ್ಟಿದ್ದರು: ಗುಬ್ಬಿ ಬಾಲ, ಮೋಡದ ಕೈ, ಬಿಳಿ ಕೊಕ್ಕರೆ. ಕೊಕ್ಕರೆಯಲ್ಲಿ ಭಾರವೆಲ್ಲ ಬಲಗಾಲಿಗೆ, ಎಡಗಾಲಿನ ತುದಿ ನೆಲಕ್ಕೆ ಸೋಕಿದ ಹಾಗೆ, ಎಡಗೈ ಸೊಂಟದ ಬಳಿ, ಬಲಗೈ ಮೇಲೆದ್ದು ಕಿವಿಯ ಹತ್ತಿರ ನಿಲ್ಲುತ್ತಿತ್ತು. ಒಂದು ವರ್ಷವಾಗುವಷ್ಟರಲ್ಲಿ ತಲೆಸುತ್ತು ನಿಂತಿತು. ಜಯಶೀಲಾ ಮತ್ತೆ ಬಸ್ಸು ಹತ್ತಿದರು. ಬೆಳಿಗ್ಗೆಯ ಆ ಗಂಟೆಯನ್ನು ಮಾತ್ರ ನಿವೃತ್ತಿಯವರೆಗೆ ಬಿಡಲಿಲ್ಲ.

ನಿವೃತ್ತಿಯಾದ ಮೇಲೆ ಗಂಡ ಶಶಿಧರ್ ಆಸೆಪಟ್ಟಂತೆ ಭದ್ರಾವತಿ ಬಿಟ್ಟು ಶಿವಮೊಗ್ಗದ ಆಲ್ಕೊಳದಲ್ಲಿ ಸಣ್ಣ ಮನೆ ಕಟ್ಟಿಕೊಂಡು ಬಂದರು. ವಿನೋಬನಗರದ ಪಾರ್ಕಿನಲ್ಲಿ ಭೂಮಿಕಾ ಎಂಬ ಫಿಸಿಯೋಥೆರಪಿಸ್ಟ್ ತೈ ಚಿ ಕಲಿಸುತ್ತಾಳೆಂದು ತಿಳಿದು ಹೋಗಿ ನೋಡಿದರು. ಮೂವತ್ತರ ಹುಡುಗಿ, ಪುಣೆಯಲ್ಲಿ ಚೆನ್ ಮನೆತನದ ಶೈಲಿ ಕಲಿತವಳು. ಅವಳ ಆಟವೇ ಬೇರೆ. ತೀರಾ ತಗ್ಗಿ ನಿಲ್ಲುತ್ತಿದ್ದಳು, ಬಟ್ಟೆ ಹಿಂಡಿದ ಹಾಗೆ ಸೊಂಟದಿಂದ ತಿರುಚುತ್ತಿದ್ದಳು, ನಿಧಾನವಾಗಿ ಹೋಗುತ್ತಿದ್ದವಳು ಇದ್ದಕ್ಕಿದ್ದಂತೆ ಧಡ್ ಎಂದು ಕಾಲು ಅಪ್ಪಳಿಸುತ್ತಿದ್ದಳು. ಜಯಶೀಲಾ ಬೆಚ್ಚಿದರು, ಆಮೇಲೆ ಮೆಚ್ಚಿದರು.

"ನೀವೂ ಮಾಡಿ ತೋರ್ಸಿ ಆಂಟಿ," ಎಂದಳು ಭೂಮಿಕಾ.

ಮಾಡಿ ತೋರಿಸಿದರು. ಪಾರ್ಕಿನಲ್ಲಿದ್ದವರೆಲ್ಲ ಸುಮ್ಮನೆ ನಿಂತು ನೋಡಿದರು. ಭೂಮಿಕಾ ಚಪ್ಪಾಳೆ ತಟ್ಟಿದಳು. ಹತ್ತಿರ ಬಂದು, ಸಂಕೋಚದಿಂದಲೇ ಕೇಳಿದಳು: "ಕೊಕ್ಕರೆಯಲ್ಲಿ ಕೈ ಹಣೆಗಿಂತ ಮೇಲೆ ಹೋಗ್ಬೇಕಲ್ವಾ ಆಂಟಿ? ಯಾಂಗ್ ಶೈಲಿಯವ್ರನ್ನ ನಾನು ಬೇಕಾದಷ್ಟು ನೋಡಿದೀನಿ. ಕಿವಿ ಹತ್ರ ನಿಲ್ಸೋರನ್ನ ನೋಡಿಲ್ಲ."

"ಇದು ಪೆನಾಂಗಿನವರ ಪದ್ಧತಿ," ಎಂದರು ಜಯಶೀಲಾ. ದನಿ ತಮಗೇ ಗೊತ್ತಿಲ್ಲದೆ ಬಿಗಿಯಾಗಿತ್ತು. "ನಮ್ಮ ಮಾಸ್ಟ್ರು ತಪ್ಪು ಹೇಳ್ಕೊಟ್ಟಿಲ್ಲಮ್ಮ."

ಆದರೆ ಮನೆಗೆ ಬಂದು ಫೋನಿನಲ್ಲಿ ಹುಡುಕಿ ನೋಡಿದರು. ಯಾಂಗ್ ಶೈಲಿಯಲ್ಲೇ ಒಬ್ಬೊಬ್ಬರದು ಒಂದೊಂದು ಥರ ಇತ್ತು: ಒಬ್ಬರ ಹೆಜ್ಜೆ ಚಿಕ್ಕದು, ಇನ್ನೊಬ್ಬರದು ದೊಡ್ಡದು, ಮತ್ತೊಬ್ಬರು ಮುಂದಕ್ಕೆ ವಾಲುತ್ತಿದ್ದರು. ಕೊಕ್ಕರೆಯ ಕೈ ಮಾತ್ರ ಎಲ್ಲರದೂ ಮೇಲಿತ್ತು. ಎರಡು ದಿನ ತಡೆದುಕೊಂಡು, ಮೂರನೆಯ ದಿನ ಮೊದಲ ಬಸ್ಸಿಗೇ ಭದ್ರಾವತಿಗೆ ಹೊರಟರು.

ಆರ್ಮುಗಂ ಅವರಿಗೆ ಈಗ ಎಂಬತ್ತೊಂದು. ಮೈದಾನಕ್ಕೆ ಹೋಗುವುದನ್ನು ಬಿಟ್ಟು ಮನೆಯ ಅಂಗಳದಲ್ಲೇ ಒಬ್ಬರೇ ಆಡಿಕೊಳ್ಳುತ್ತಿದ್ದರು. ಜಯಶೀಲಾ ಗೇಟು ತೆಗೆದಾಗ ಅವರಿನ್ನೂ ಬನಿಯನ್ನಿನಲ್ಲಿದ್ದರು. ಹೆಂಡತಿ ಸರಸ್ವತಿಯಮ್ಮ ಅಂಗಿ ತೊಡಿಸುತ್ತಿದ್ದರು. ಮೊದಲು ಬಲಗೈಯನ್ನು ಎಳೆಮಗುವಿನ ಕೈಯ ಹಾಗೆ ಹಿಡಿದು ತೋಳಿನೊಳಗೆ ತೂರಿಸಿ, ಆಮೇಲೆ ಬೆನ್ನ ಹಿಂದಿನಿಂದ ಸುತ್ತಿ ತಂದು ಎಡಗೈಗೆ ಹಾಕಿದರು. ಇಬ್ಬರಿಗೂ ಅದು ಎಷ್ಟು ರೂಢಿಯೆಂದರೆ, ಆ ಹೊತ್ತಿನಲ್ಲೇ ತರಕಾರಿಯ ಬಗ್ಗೆ ಮಾತಾಡುತ್ತಿದ್ದರು.

ಜಯಶೀಲಾ ಗೇಟಿನಲ್ಲೇ ನಿಂತುಬಿಟ್ಟರು.

"ಬಾರಮ್ಮ, ಯಾಕೆ ಅಲ್ಲೇ ನಿಂತೆ?" ಎಂದರು ಸರಸ್ವತಿಯಮ್ಮ. ಜಯಶೀಲಾ ನೋಡಿದ್ದೇನೆಂದು ಅರ್ಥವಾಗಿ, "ಇವ್ರದು ಮೂವತ್ತೈದು ವರ್ಷದಿಂದ ಹಿಂಗೇ. ಮೊಪೆಡ್ಡಿಂದ ಬಿದ್ದಿದ್ರಲ್ಲ, ಆ ಭುಜ ಮತ್ತೆ ಮೇಲೇಳಲೇ ಇಲ್ಲ," ಎಂದರು.

ಆರ್ಮುಗಂ ಜಯಶೀಲಾ ಮುಖ ನೋಡಿದರು, ನೆಲ ನೋಡಿದರು.

"ಕೊಕ್ಕರೆ ಕೈ ಬಗ್ಗೆ ಯಾರೋ ಕೇಳಿದ್ರು, ಅಲ್ವಾ?"

"ಹೂಂ ಮಾಸ್ಟ್ರೇ."

"ಲಿಮ್ ಅಯ್ಯ ಕೈ ಎತ್ತಿದ್ರೆ ಹಣೆ ಮೇಲೆ ಹೋಗ್ತಿತ್ತು, ಕಂಡಕ್ಟ್ರಮ್ಮ. ನಂದೂ ಹೋಗ್ತಿತ್ತು. ಬಿದ್ದ ಮೇಲೆ ಆಗ್ಲಿಲ್ಲ. ಹೇಳ್ಕೊಡೋಕೆ ಶುರು ಮಾಡಿದಾಗ, ಕೈ ಬರಲ್ಲ ಅಂದ್ರೆ ಇವನೇನು ಮಾಸ್ಟ್ರು ಅಂತಾರೆ ಅಂದ್ಕೊಂಡೆ. ಪೆನಾಂಗ್ ಪದ್ಧತಿ ಅಂದ್ಬಿಟ್ಟೆ. ಒಂದ್ಸಲ ಹೇಳಿದ ಮೇಲೆ ಹೆಂಗೆ ವಾಪಸ್ ತಗೊಳ್ಳೋದು?"

ಜಯಶೀಲಾಗೆ ಸಿಟ್ಟು ಬರಬೇಕಿತ್ತು. ಬರಲಿಲ್ಲ. ಹತ್ತು ವರ್ಷ ತಾವು ಭಕ್ತಿಯಿಂದ ಕಿವಿಯ ಹತ್ತಿರ ನಿಲ್ಲಿಸಿದ್ದು ಈ ಮುದುಕರ ನೋವನ್ನು ಎಂದು ತಿಳಿದಾಗ, ತಮ್ಮ ಭುಜವೇ ಒಂದು ಕ್ಷಣ ಭಾರವಾದಂತಾಯಿತು.

"ಮತ್ತೆ ಮೋಡದ ಕೈಯಲ್ಲಿ ಎಡಗಡೆ ತಿರುಗಿ ಸ್ವಲ್ಪ ಹೊತ್ತು ದೂರ ನೋಡ್ತೀವಲ್ಲ, ಅದು?" ಎಂದು ಕೇಳಿದರು.

ಆರ್ಮುಗಂ ನಕ್ಕುಬಿಟ್ಟರು. "ಅದು ಲಿಮ್ ಅಯ್ಯಂದೇ. ಆ ಕಡೆ ಅವ್ರ ಅಂಗಡಿ ಇತ್ತು. ಗಿರಾಕಿ ಬಂದ್ರಾ ಅಂತ ನೋಡ್ತಿದ್ರು ಅಂತ ಕಾಣುತ್ತೆ. ನಾನು ಅದ್ನೂ ಕಲ್ತ್‌ಬಿಟ್ಟೆ."

"ಅಯ್ಯೋ ಮಾರಾಯ್ರೇ!" ಜಯಶೀಲಾ ಬಾಯಿಗೆ ಸೆರಗು ಒತ್ತಿಕೊಂಡರು. ಒಳಗಿನಿಂದ ಸರಸ್ವತಿಯಮ್ಮನೂ ನಗುವುದು ಕೇಳಿಸಿತು.

"ನಿಂದೂ ಒಂದಿದೆ. ನಾನು ಭುಜದಷ್ಟು ಅಗಲ ಹೆಜ್ಜೆ ಇಡು ಅಂದೆ. ನೀನು ಅದಕ್ಕಿಂತ ಅಗಲ ಇಡ್ತೀಯ, ಯಾರೋ ಬ್ರೇಕ್ ಹಾಕ್ತಾರೆ ಅಂತ ಕಾಯೋ ಹಂಗೆ. ತಿದ್ದೋಣ ಅಂತಿದ್ದೆ. ಚೆನ್ನಾಗಿತ್ತು, ಬಿಟ್ಟೆ."

ಆಮೇಲೆ ಆರ್ಮುಗಂ ಕಟ್ಟೆಯ ಮೇಲೆ ಕೂತು, "ಕಂಡಕ್ಟ್ರಮ್ಮ, ಕೈ ಮೇಲೆತ್ತಿ ಕೊಕ್ಕರೆ ಮಾಡ್ತೀಯಾ? ನೋಡ್ಬೇಕು," ಎಂದರು.

ಜಯಶೀಲಾ ಚಪ್ಪಲಿ ಬಿಟ್ಟು ಅಂಗಳದ ಮಧ್ಯೆ ನಿಂತರು. ಭಾರ ಬಲಗಾಲಿಗೆ ಬಂತು, ಎಡಗಾಲಿನ ತುದಿ ನೆಲ ಸೋಕಿತು, ಕೈ ಎದ್ದಿತು. ಎದ್ದದ್ದು ಕಿವಿಯ ಹತ್ತಿರ ತಾನಾಗಿ ನಿಂತುಬಿಟ್ಟಿತು. ಇನ್ನೊಮ್ಮೆ ಮಾಡಿದರು. ಮತ್ತೆ ಅಲ್ಲೇ ನಿಂತಿತು.

"ಇನ್ನೂ ಮೇಲೆ," ಎಂದರು ಆರ್ಮುಗಂ. "ಹೆದರ್ಬೇಡ. ನನಗೇನೂ ಬೇಜಾರಿಲ್ಲ. ಎತ್ತಮ್ಮ."

ಮೂರನೆಯ ಸಲ ಕೈ ಕಿವಿ ದಾಟಿತು, ಹಣೆ ದಾಟಿತು, ಅಂಗೈ ಆಕಾಶಕ್ಕೆ ಓರೆಯಾಗಿ ತೆರೆದುಕೊಂಡಿತು. ಆರ್ಮುಗಂ ನೋಡುತ್ತಲೇ ಇದ್ದರು. ಅವರ ಕಣ್ಣು ತುಂಬಿ ಹರಿಯಿತು. ಒರೆಸಿಕೊಳ್ಳಲು ಎಡಗೈ ಎತ್ತುವಷ್ಟರಲ್ಲಿ ಸರಸ್ವತಿಯಮ್ಮ ಬಂದು ಒರೆಸಿದರು.

"ಹೌದು. ಹಿಂಗೇ ಇತ್ತು," ಎಂದರು ಆರ್ಮುಗಂ.

ಜಯಶೀಲಾ ಈ ವಿಷಯವನ್ನು ಪಾರ್ಕಿನಲ್ಲಿ ಯಾರಿಗೂ ಹೇಳಬಾರದೆಂದುಕೊಂಡೇ ಹೊರಟಿದ್ದರು. ಆದರೆ ಗೇಟಿನವರೆಗೆ ಬಂದ ಆರ್ಮುಗಂ ಅವರೇ, "ಆ ಹುಡುಗಿಗೆ ಹೇಳ್ಬಿಡು. ಸರಿಯಾಗೇ ಹಿಡಿದಳು," ಎಂದರು. ಮರುದಿನ ಪಾರ್ಕಿನಲ್ಲಿ ಅದನ್ನೆಲ್ಲ ಕೇಳಿ ಭೂಮಿಕಾ ಜಯಶೀಲಾ ಅವರ ಕೈ ಹಿಡಿದುಕೊಂಡಳು. "ನಾನು ಎಲ್ಲರ ಮುಂದೆ ಕೇಳ್ಬಾರ್ದಿತ್ತು ಆಂಟಿ. ಅವ್ರನ್ನ ಒಂದ್ಸಲ ಇಲ್ಲಿಗೆ ಕರ್ಕೊಂಡ್ ಬರ್ತೀರಾ?" ಎಂದಳು.

ಜನವರಿಯ ಒಂದು ಶನಿವಾರ ಆರ್ಮುಗಂ, ಸರಸ್ವತಿಯಮ್ಮ ಇಬ್ಬರೂ ಪಾರ್ಕಿಗೆ ಬಂದರು. ಭೂಮಿಕಾ ತನ್ನ ಚೆನ್ ಶೈಲಿಯ ಆಟ ಆಡಿದಳು. ಕಾಲು ಅಪ್ಪಳಿಸಿದಾಗ ಆರ್ಮುಗಂ ಮಗುವಿನಂತೆ ಖುಷಿಪಟ್ಟು, "ಇದ್ರಲ್ಲಿ ಸಿಟ್ಟೂ ಇದೆ! ನಮ್ಮಲ್ಲಿ ಸಿಟ್ಟನ್ನ ಒಳಗೇ ಇಟ್ಕೊಂಡಿರ್ತೀವಿ," ಎಂದರು. ಆಮೇಲೆ ತಾವೇ ಎದ್ದು ನಿಂತರು. ಕೊಕ್ಕರೆಯ ಹತ್ತಿರ ಬಂದಾಗ ಕೈಯನ್ನು ಅದು ನಿಲ್ಲುವಲ್ಲೇ ನಿಲ್ಲಿಸಿ, ಇಪ್ಪತ್ತು ಜನಕ್ಕೂ ಕೇಳಿಸುವಂತೆ ಹೇಳಿದರು: "ನನ್ನ ಕೈ ಇಷ್ಟೇ ಬರೋದು. ಕಲಿಯೋರು ಕಂಡಕ್ಟ್ರಮ್ಮನ ಕೈ ನೋಡಿ." ಅವರ ಬದಿಯಲ್ಲಿ ನಿಂತಿದ್ದ ಜಯಶೀಲಾ ಕೈ ಎತ್ತಿದರು. ಒಬ್ಬರೂ ನಗಲಿಲ್ಲ, ಪಿಸುಗುಟ್ಟಲೂ ಇಲ್ಲ. ಆರ್ಮುಗಂ ಹಗುರಾದ ಮುಖದಿಂದ ಮುಂದಿನ ಭಂಗಿಗೆ ಹೋದರು.

ಕೊನೆಗೆ ಕಾಫಿ ಕುಡಿಯುವಾಗ ಸರಸ್ವತಿಯಮ್ಮ ಭೂಮಿಕಾಳನ್ನು ಪಕ್ಕಕ್ಕೆ ಕರೆದು ತಮ್ಮ ಮಂಡಿನೋವಿನ ವಿಷಯ ಕೇಳಿದರು. ಭೂಮಿಕಾ ಮಂಡಿ ಒತ್ತಿ ನೋಡಿ, ನೀವೂ ಕಲಿಯಬಹುದು ಎಂದಳು. ಮುಂದಿನ ಶನಿವಾರ ಅವರು ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿಕೊಂಡು ಸಾಲಿನ ತುದಿಯಲ್ಲಿ ನಿಂತಿದ್ದರು. ಹೇಳಿಕೊಡಲು ಎದ್ದ ಗಂಡನನ್ನು, "ನೀವು ಸುಮ್ನೆ ಅಲ್ಲಿ ಕೂತ್ಕೊಳ್ರಿ," ಎಂದು ಬೆಂಚಿಗೆ ಕಳಿಸಿದರು.

"ಯಾವ ಶೈಲಿ ಕಲಿತೀರಾ ಅಜ್ಜಿ?" ಎಂದು ಭೂಮಿಕಾ ನಗುತ್ತ ಕೇಳಿದಳು.

"ನಂಗೇನ್ ಗೊತ್ತಮ್ಮ? ಇವ್ರು ಮಾಡೋದನ್ನ ಅಡುಗೆಮನೆ ಕಿಟಕಿಯಿಂದ ನೋಡಿದೀನಿ, ಅಷ್ಟೇ."

ಜಯಶೀಲಾ ಸರಸ್ವತಿಯಮ್ಮನಿಗೆಂದೇ ನಿಧಾನವಾಗಿ ಮೊದಲ ಭಂಗಿ ತೋರಿಸಿ, ಎರಡನೆಯದನ್ನು ಹೇಳಲು ತಿರುಗಿದರು. ಸರಸ್ವತಿಯಮ್ಮ ಆಗಲೇ ಅದನ್ನು ಮುಗಿಸಿ ಮೂರನೆಯದಕ್ಕೆ ಹೋಗಿದ್ದರು. ಒಂದು ಭಂಗಿಯೂ ತಪ್ಪಲಿಲ್ಲ. ಜಯಶೀಲಾ ಹೇಳಿಕೊಡುವುದನ್ನು ನಿಲ್ಲಿಸಿ, ಅವರ ಹಿಂದೆ ಹೋಗಿ ನಿಂತು, ಅವರನ್ನೇ ನೋಡುತ್ತ ಆಡತೊಡಗಿದರು.